ಜಾರೋ ಮಠದ ಈಸ್ಟರ್ ದಿನಗಳು

ಉಕ್ತಲೇಖನ ಬರೆಸುವುದು ಸುಲಭದ ಕೆಲಸವೆಂದು ಹೊರಗಿನವರು ತಿಳಿದಿರುತ್ತಾರೆ. ಅದರ ಕಷ್ಟ ಉಪಾಧ್ಯಾಯನಿಗೆ ಗೊತ್ತು. ಅವನ ಮಾತು ಒಂದು ವಾಕ್ಯದಷ್ಟು ಮುಂದೆ ಓಡಿರುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ತಲೆಯೆತ್ತಿ, "ಸಾರ್, ಹಿಂದಿನದೇ ಇನ್ನೂ ಬರೆದಾಗಲಿಲ್ಲ" ಎನ್ನುತ್ತಾನೆ. ಕನ್ನಡ ಪಂಡಿತನಾಗಿ ಶಾಲೆಯಲ್ಲೇ ಕೂದಲು ನರೆಸಿಕೊಂಡ ನನಗೆ ಈ ಮಾತು ದಿನವೂ ಕಿವಿಗೆ ಬೀಳುವಂಥದು. ಅದಕ್ಕೇ ಇರಬೇಕು, ಹದಿಮೂರು ಶತಮಾನಗಳ ಹಿಂದೆ ಇಂಗ್ಲೆಂಡಿನ ಉತ್ತರ ಭಾಗದ ಒಂದು ಮಠದಲ್ಲಿ ಒಬ್ಬ ಹುಡುಗನು ತನ್ನ ಗುರುವಿಗೆ ಹೇಳಿದ ಇಂಥದೇ ಒಂದು ಮಾತನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಟ್ಟೆ. ಆ ಕಥೆಯನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಆದರೆ ಅಲ್ಲಿಗೆ ಮುಟ್ಟುವ ಮೊದಲು ಮಠವನ್ನೂ ಅಲ್ಲಿನವರ ಓದಿನ ಕ್ರಮವನ್ನೂ ತಿಳಿಯಬೇಕು.

ಕ್ರೈಸ್ತರಿಗೆ ಈಸ್ಟರ್, ನಮ್ಮ ಕಡೆಯ ಕಥೋಲಿಕರ ಮಾತಿನಲ್ಲಿ ಪಾಸ್ಕ ಹಬ್ಬ, ಒಂದು ದಿನದಲ್ಲಿ ಮುಗಿಯುವುದಲ್ಲ. ಅದಕ್ಕೆ ಮುಂಚೆ ತಪಸ್ಸುಕಾಲದ ನಲವತ್ತು ದಿನ. ಅನಂತರ ಯೇಸುಸ್ವಾಮಿ ಪುನರುತ್ಥಾನ ಹೊಂದಿದ ಭಾನುವಾರದಿಂದ ಹಿಡಿದು ಐವತ್ತು ದಿನಗಳ ಸಂತೋಷಕಾಲ. ಅದರ ನಲವತ್ತನೆಯ ದಿನ ಸ್ವರ್ಗಾರೋಹಣದ ಹಬ್ಬ. ಈ ಐವತ್ತು ದಿನಗಳಲ್ಲಿ ಮಠಗಳ ದಿನಚರಿಯೇ ಬೇರೆಯಾಗುತ್ತಿತ್ತು. ಆರನೆಯ ಶತಮಾನದಲ್ಲಿ ಇಟಲಿಯ ಮೊಂತೆ ಕಸ್ಸೀನೋ ಬೆಟ್ಟದ ಮೇಲಿದ್ದ ಸಂತ ಬೆನೆಡಿಕ್ಟರು ತಮ್ಮ ಸನ್ಯಾಸಿಗಳಿಗಾಗಿ 73 ಅಧ್ಯಾಯಗಳ ಒಂದು ನಿಯಮಾವಳಿಯನ್ನು ಬರೆದಿಟ್ಟರು. ಅದರಲ್ಲಿ ಊಟ, ನಿದ್ರೆ, ಕೆಲಸ, ಓದು ಎಲ್ಲಕ್ಕೂ ಹೊತ್ತು ಗೊತ್ತುಮಾಡಿದೆ. ತಪಸ್ಸುಕಾಲ ಬಂತೆಂದರೆ ಪ್ರತಿಯೊಬ್ಬನಿಗೂ ಭಂಡಾರದಿಂದ ಒಂದು ಗ್ರಂಥ ಕೊಡಬೇಕು. ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಬಿಡದೆ ಓದಬೇಕು. ಓದುವ ಹೊತ್ತಿನಲ್ಲಿ ಯಾರಾದರೂ ಹರಟೆ ಹೊಡೆಯುತ್ತ ಕುಳಿತಿದ್ದಾರೆಯೇ ಎಂದು ನೋಡಿಬರಲು ಒಬ್ಬರೋ ಇಬ್ಬರೋ ಹಿರಿಯರು ಸುತ್ತುತ್ತಿರಬೇಕು. (ಪರೀಕ್ಷೆಯ ಕೊಠಡಿಯಲ್ಲಿ ನಮ್ಮನ್ನು ಸುತ್ತಿಸುವ ಪದ್ಧತಿ ಎಷ್ಟು ಹಳೆಯದು ನೋಡಿ!)

ಈಸ್ಟರ್ ಬಂದ ಮೇಲೆ ಬೆಳಿಗ್ಗೆ ಹೊಲಗದ್ದೆಯ ಕೆಲಸ, ಸುಮಾರು ಹತ್ತು ಗಂಟೆಯಿಂದ ಮಧ್ಯಾಹ್ನದವರೆಗೆ ಓದು, ಊಟವಾದ ಮೇಲೆ ಮಾತಿಲ್ಲದೆ ವಿಶ್ರಾಂತಿ. ಆ ವಿಶ್ರಾಂತಿಯ ಹೊತ್ತಿನಲ್ಲಿ ಓದಬೇಕೆನ್ನುವವನು ಪಕ್ಕದವನಿಗೆ ತೊಂದರೆಯಾಗದಂತೆ ಓದಿಕೊಳ್ಳಲಿ ಎಂದು ನಿಯಮ ಹೇಳುತ್ತದೆ. ಕಣ್ಣಿನಲ್ಲಿ ಓದಿದರೆ ಪಕ್ಕದವನಿಗೆ ಏನು ತೊಂದರೆ? ಆ ಕಾಲದಲ್ಲಿ ಓದುವುದೆಂದರೆ ಬಾಯಿಬಿಟ್ಟು ಓದುವುದೇ ವಾಡಿಕೆ. ನಮ್ಮ ಅಜ್ಜಂದಿರು ಜೈಮಿನಿ ಭಾರತವನ್ನು ಮನಸ್ಸಿನಲ್ಲಿ ಓದಿದ್ದುಂಟೆ? ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಈಸ್ಟರಿನಿಂದ ನವೆಂಬರಿನವರೆಗೆ ರಾತ್ರಿಗಳು ಚಿಕ್ಕವಾದುದರಿಂದ, ವಾರದ ದಿನಗಳ ಇರುಳಿನ ಪ್ರಾರ್ಥನೆಯಲ್ಲಿ ಪುಸ್ತಕ ತೆರೆದು ದೀರ್ಘವಾಗಿ ಓದುವುದಿಲ್ಲ. ಒಂದು ಚಿಕ್ಕ ಪಾಠವನ್ನು ಬಾಯಿಪಾಠವಾಗಿ ಹೇಳುತ್ತಾರೆ. 150 ಕೀರ್ತನೆಗಳನ್ನು ಪ್ರತಿವಾರವೂ ಒಂದು ಸುತ್ತು ಹಾಡಿ ಮುಗಿಸುತ್ತಿದ್ದವರಿಗೆ ಬಾಯಿಪಾಠ ಏನು ದೊಡ್ಡದು! ಓದಿದ್ದನ್ನು ನಾಲಗೆಯ ಮೇಲೆ ಹೊರಳಿಸುತ್ತ ಗದ್ದೆಗೆ ಹೋಗುವುದು, ಬರುವುದು. ಅದೇ ಅವರ ಧ್ಯಾನ. ಇದಕ್ಕೆ ಅವರು ಹೇಳುತ್ತಿದ್ದ ಉಪಮಾನವೂ ನಮ್ಮದೇ: ಮೆಲುಕು ಹಾಕುವುದು. ಹಸು ಮೇದದ್ದನ್ನು ನೆರಳಿನಲ್ಲಿ ಮಲಗಿ ಮತ್ತೆ ಬಾಯಿಗೆ ತಂದುಕೊಳ್ಳುವಂತೆ ಕೇಳಿದ ವಾಕ್ಯವನ್ನು ಮತ್ತೆ ಮತ್ತೆ ಅಗಿಯಬೇಕು.

ಈಗ ಇಂಗ್ಲೆಂಡಿಗೆ ಹೋಗೋಣ. ಬೆನೆಡಿಕ್ಟ್ ಬಿಸ್ಕಪ್ ಎಂಬ ಒಬ್ಬ ಸಿರಿವಂತ ಮನೆತನದವರು ರಾಜಸೇವೆಯನ್ನು ಬಿಟ್ಟು ಸನ್ಯಾಸಿಯಾದರು. ಹಿಂದೆ ಹೇಳಿದ ಬೆನೆಡಿಕ್ಟರು ಬೇರೆ, ಇವರು ಬೇರೆ. ಇವರು 674ರಲ್ಲಿ ವೆರ್ಮತ್ ಎಂಬಲ್ಲಿ ಒಂದು ಮಠವನ್ನೂ, ಕೆಲವು ವರ್ಷಗಳ ಮೇಲೆ ಟೈನ್ ನದಿಯ ದಂಡೆಯ ಜಾರೋ ಎಂಬಲ್ಲಿ ಅದರ ಜೋಡಿ ಮಠವನ್ನೂ ಸ್ಥಾಪಿಸಿದರು. ಜಾರೋ ಮಠದ ಗುಡಿ ಪ್ರತಿಷ್ಠೆಯಾದದ್ದು 685ರ ಏಪ್ರಿಲ್ 23ರಂದು. ಹಾಗೆಂದು ಕೆತ್ತಿದ ಶಿಲಾಶಾಸನ ಇಂದಿಗೂ ಅಲ್ಲಿನ ಗೋಡೆಯಲ್ಲಿದೆ. ಬಿಸ್ಕಪ್ಪರು ಮತ್ತೆ ಮತ್ತೆ ರೋಮಿಗೆ ಪ್ರಯಾಣ ಮಾಡಿದರು. ಪ್ರತಿ ಸಲ ಹಿಂದಿರುಗುವಾಗಲೂ ಗ್ರಂಥಗಳನ್ನು ಹೊತ್ತು ತಂದರು. ಸಾಯುವಾಗ ಈ ಭಂಡಾರವನ್ನು ಹಂಚಿ ಹಾಳುಮಾಡಬೇಡಿರೆಂದು ಶಿಷ್ಯರಿಗೆ ಹೇಳಿ ಸತ್ತರು.

ಆ ಮಠಕ್ಕೆ ಏಳು ವರ್ಷದ ಒಬ್ಬ ಹುಡುಗನನ್ನು ಬಂಧುಗಳು ಒಪ್ಪಿಸಿ ಹೋದರು. ಅವನ ಹೆಸರು ಬೀಡ್. ಹುಟ್ಟಿದ್ದು 673ರ ಸುಮಾರಿಗೆ, ಮಠದ್ದೇ ಜಮೀನಿನಲ್ಲಿ. ಅಂದು ಒಳಹೊಕ್ಕವನು ಅರವತ್ತೆರಡು ವರ್ಷ ಬದುಕಿ, ಅಲ್ಲಿಯೇ ಕಣ್ಣು ಮುಚ್ಚಿದನು. ಕಲಿಯುವುದು, ಕಲಿಸುವುದು, ಬರೆಯುವುದು, ಈ ಮೂರರಲ್ಲಿಯೇ ತಮಗೆ ಸುಖವೆಂದು ಅವರು ತಮ್ಮ ಕಡೆಗಾಲದಲ್ಲಿ ಹೇಳಿಕೊಂಡಿದ್ದಾರೆ.

ಹುಡುಗನಿಗೆ ಹದಿಮೂರು ಹದಿನಾಲ್ಕು ವರ್ಷವಾದಾಗ ಜಾರೋ ಮಠಕ್ಕೆ ಪಿಡುಗು ಬಡಿಯಿತು. ಗುಡಿಯಲ್ಲಿ ನಿಂತು ಹಾಡಬಲ್ಲವರೆಲ್ಲರೂ ಸತ್ತರು. ಉಳಿದವರು ಇಬ್ಬರೇ: ಮಠಾಧಿಪತಿ ಚೆಯೋಲ್‌ಫ್ರಿತರು ಮತ್ತು ಒಬ್ಬ ಹುಡುಗ. ಆ ಹುಡುಗನು ಬೀಡನೇ ಎಂಬುದು ಬಹುಮಂದಿ ಇತಿಹಾಸಕಾರರ ಅಭಿಪ್ರಾಯ. ಕೀರ್ತನೆಗಳನ್ನು ಎರಡು ಮೇಳವಾಗಿ, ನಡುನಡುವೆ ಪಲ್ಲವಿ ಸೇರಿಸಿ ಹಾಡುವುದು ಪದ್ಧತಿ. ಇಬ್ಬರಿಂದ ಅದು ಹೇಗೆ ಸಾಧ್ಯ? ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯ ಹೊರತು ಉಳಿದ ಹೊತ್ತುಗಳಲ್ಲಿ ಪಲ್ಲವಿಗಳನ್ನು ಬಿಟ್ಟುಬಿಡೋಣವೆಂದು ಮಠಾಧಿಪತಿಗಳು ನಿರ್ಧರಿಸಿದರು. ಒಂದು ವಾರ ಹಾಗೆ ನಡೆಯಿತು. ಆಮೇಲೆ ಅವರಿಗೆ ತಡೆಯಲಾಗಲಿಲ್ಲ; ಅಳುತ್ತಲೇ ಮೊದಲಿನ ಕ್ರಮವನ್ನು ಮತ್ತೆ ಜಾರಿಗೆ ತಂದರು. ಹೊಸಬರು ಬಂದು ಕಲಿಯುವವರೆಗೂ ಆ ಮಠಾಧಿಪತಿಗಳೂ ಆ ಹುಡುಗನೂ ಬರಿದಾದ ಗುಡಿಯಲ್ಲಿ ಎದುರುಬದುರು ನಿಂತು, ಒಂದು ಪಲ್ಲವಿಯನ್ನೂ ಬಿಡದೆ ಹಾಡಿದರು. ಓದುಗರೇ, ಆ ಹುಡುಗನಿಗೆ ಆ ವಾಕ್ಯಗಳು ಪಾಠವಾಗಿ ಉಳಿದಿರಲಾರವು.

ಬೀಡರು ಹತ್ತೊಂಬತ್ತಕ್ಕೆ ಉಪಯಾಜಕರೂ ಮೂವತ್ತಕ್ಕೆ ಗುರುಗಳೂ ಆದರು. ಅವರು ಬರೆದದ್ದನ್ನೆಲ್ಲ ಹೇಳಹೊರಟರೆ ಈ ಸಂಚಿಕೆ ಸಾಲದು. ಇಂಗ್ಲಿಷ್ ಜನರ ಧರ್ಮಚರಿತ್ರೆಯನ್ನು 731ರಲ್ಲಿ ಮುಗಿಸಿದವರೆಂದು ಚರಿತ್ರೆಯ ವಿದ್ಯಾರ್ಥಿಗಳು ಅವರನ್ನು ಬಲ್ಲರು. ಆದರೆ ಅವರಿಗೆ ಮುಖ್ಯವಾಗಿದ್ದ ಕೆಲಸ ಧರ್ಮಗ್ರಂಥದ ವ್ಯಾಖ್ಯಾನ. ನಮ್ಮಲ್ಲಿ ಟೀಕಾಕಾರರು ಮಾಡುವಂತೆ ಹಿಂದಿನ ಆಚಾರ್ಯರ ಮಾತುಗಳನ್ನು ಆಯ್ದು, ತಮ್ಮದನ್ನು ಕೂಡಿಸಿ, ವಾಕ್ಯ ವಾಕ್ಯಕ್ಕೂ ಅರ್ಥ ಹೇಳುವುದು. ಲೂಕನ ಸುವಾರ್ತೆಯ ಮೇಲೆ ಬರೆದಾಗ, ಆಗಸ್ಟೀನರಿಂದ ತೆಗೆದುಕೊಂಡದ್ದು ಯಾವುದು, ಜೆರೋಮರದು ಯಾವುದು, ಅಂಬ್ರೋಸರದು, ಗ್ರೆಗೊರಿಯವರದು ಯಾವುದು ಎಂದು ತಿಳಿಯುವಂತೆ ಪಕ್ಕದ ಅಂಚಿನಲ್ಲಿ ಅವರವರ ಹೆಸರಿನ ಅಕ್ಷರಗಳನ್ನು ಗುರುತು ಹಾಕಿದರು. ಪ್ರತಿಮಾಡುವವರು ಈ ಗುರುತುಗಳನ್ನು ಬಿಡಬಾರದೆಂದು ಬೇಡಿಕೊಂಡರು. ಪರರ ಪದ್ಯವನ್ನು ತನ್ನದೆಂದು ಹೇಳುವ ಕೃತಿಚೋರರನ್ನು ಕಂಡು ಬೇಸತ್ತ ನನ್ನಂಥವನಿಗೆ ಈ ಪ್ರಾಮಾಣಿಕತೆ ಎಷ್ಟು ಹಿತವಾಯಿತೆಂದು ಹೇಳಲಾರೆ. ಪ್ರತಿಕಾರರು ಮಾತ್ರ ಎಲ್ಲ ದೇಶದ ಪ್ರತಿಕಾರರಂತೆಯೇ. ಅನೇಕರು ಗುರುತುಗಳನ್ನು ಬಿಟ್ಟರು.

ಈಸ್ಟರಿನ ಐವತ್ತು ದಿನಗಳಲ್ಲಿ ಓದುವ ಗ್ರಂಥಗಳಲ್ಲಿ ಮುಖ್ಯವಾದವು ಅಪೊಸ್ತಲರ ಕೃತ್ಯಗಳು ಮತ್ತು ಯೋಹಾನನ ಸುವಾರ್ತೆ. ಕೃತ್ಯಗಳ ಮೇಲೆ ಬೀಡರು ಒಂದಲ್ಲ, ಎರಡು ಪುಸ್ತಕ ಬರೆದರು. ಮೊದಲನೆಯದನ್ನು ಬರೆದ ಎಷ್ಟೋ ವರ್ಷಗಳ ಮೇಲೆ ಅವರ ಕೈಗೆ ಗ್ರೀಕ್ ಮೂಲವೂ ಲ್ಯಾಟಿನ್ ಅನುವಾದವೂ ಎದುರುಬದುರಾಗಿದ್ದ ಒಂದು ಪ್ರತಿ ದೊರೆಯಿತು. ಈಗ ಆಕ್ಸ್‌ಫರ್ಡಿನಲ್ಲಿರುವ ಒಂದು ಹಳೆಯ ಪ್ರತಿಯೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದನ್ನು ನೋಡಿ ಅವರು ತಮ್ಮ ತಪ್ಪುಗಳನ್ನು ತಾವೇ ಎತ್ತಿ ತೋರಿಸಿ, ತಿದ್ದುಪಡಿಯ ಪುಸ್ತಕವೊಂದನ್ನು ಹೊರಡಿಸಿದರು. ವಿದ್ವಾಂಸನಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಇವಲ್ಲದೆ ಅವರು ಮಠದ ಸಹೋದರರಿಗಾಗಿ 50 ಉಪದೇಶಗಳನ್ನು ಬರೆದರು. ಅವುಗಳಲ್ಲಿ ಒಳ್ಳೆಯ ಪಾಲು ಈಸ್ಟರ್ ಕಾಲಕ್ಕೆ ಸೇರಿದವು. ಅವುಗಳ ರೀತಿಗೆ ಒಂದು ಉದಾಹರಣೆ ಕೊಡುತ್ತೇನೆ. ಈಸ್ಟರ್ ಹಿಂದಿನ ರಾತ್ರಿ ಜಾಗರಣೆ. ಸಬ್ಬತ್ತಿನ ಇರುಳು ಕಳೆದು ಬೆಳಗಾಗುತ್ತಿರುವಾಗ ಇಬ್ಬರು ಹೆಂಗಸರು ಸಮಾಧಿಯ ಬಳಿ ಬಂದರೆಂದು ಮತ್ತಾಯನು ಬರೆದಿದ್ದಾನೆ. ಸಾಧಾರಣ ಓದುಗನು ಇದನ್ನು ಹೊತ್ತಿನ ಸೂಚನೆಯೆಂದು ದಾಟಿಹೋಗುತ್ತಾನೆ. ಬೀಡರು ಅಲ್ಲಿಯೇ ನಿಲ್ಲುತ್ತಾರೆ. ಸೃಷ್ಟಿಯ ಮೊದಲಿನಿಂದ ಹಗಲು ಮುಂದೆ, ಅದರ ಬೆನ್ನಿಗೆ ಇರುಳು ಎಂಬ ಎಣಿಕೆಯಿತ್ತು. ಮನುಷ್ಯನು ಬೆಳಕಿನಿಂದ ಕತ್ತಲೆಗೆ ಜಾರಿದವನಾದುದರಿಂದ ಅದು ಅವನಿಗೆ ತಕ್ಕದ್ದೇ ಆಗಿತ್ತು. ಈ ಒಂದು ರಾತ್ರಿಯಿಂದ ಲೆಕ್ಕ ತಿರುಗಿತು: ಇನ್ನು ಇರುಳು ಮುಂದೆ, ಅದರ ಬೆನ್ನಿಗೆ ಹಗಲು. ಕತ್ತಲಲ್ಲಿ ದೀಪ ಹಿಡಿದು ನಿಂತು, ಬೆಳಗನ್ನೇ ಕಾಯುತ್ತಿದ್ದ ಸನ್ಯಾಸಿಗಳಿಗೆ ಇದನ್ನು ಕೇಳಿದಾಗ ಏನೆನ್ನಿಸಿರಬೇಕು! ಬೀಡರ ಅನೇಕ ಉಪದೇಶಗಳು ಮುಂದೆ ಚಕ್ರವರ್ತಿ ಚಾರ್ಲ್‌ಮೇನನಿಗಾಗಿ ಸಂಗ್ರಹವಾದ ಉಪದೇಶಮಾಲೆಯಲ್ಲಿ ಸೇರಿ, ಯೂರೋಪಿನ ಮಠಮಠಗಳಲ್ಲಿ ಶತಮಾನಗಳ ಕಾಲ ಓದಲ್ಪಟ್ಟವು.

ಹಗಲಿರುಳುಗಳ ಲೆಕ್ಕದ ಮಾತು ಬಂದದ್ದರಿಂದ ಪಂಚಾಂಗದ ವಿಷಯವನ್ನೂ ಹೇಳಿಬಿಡುತ್ತೇನೆ. ಈಸ್ಟರ್ ಯಾವ ದಿನ ಎಂಬುದೇ ಆಗ ದೊಡ್ಡ ಜಗಳವಾಗಿತ್ತು. ವಸಂತ ವಿಷುವದ ಹುಣ್ಣಿಮೆ ಕಳೆದ ಭಾನುವಾರ ಹಬ್ಬ. ಆದರೆ ಹುಣ್ಣಿಮೆಯನ್ನು ಲೆಕ್ಕ ಹಾಕುವುದರಲ್ಲಿ ಐರ್ಲೆಂಡಿನವರದು 84 ವರ್ಷದ ಚಕ್ರ, ರೋಮಿನವರದು 19 ವರ್ಷದ ಚಕ್ರ. ನಾರ್ತಂಬ್ರಿಯದ ಅರಸ ಓಸ್ವಿ ಒಂದು ಪಂಥ, ಕೆಂಟ್ ಸೀಮೆಯಲ್ಲಿ ಬೆಳೆದ ಅವನ ರಾಣಿ ಇನ್ನೊಂದು ಪಂಥ. ಒಂದೇ ಅರಮನೆಯಲ್ಲಿ ಅರಸನು ಹಬ್ಬದೂಟ ಮಾಡುತ್ತಿರುವಾಗ ರಾಣಿ ಇನ್ನೂ ಉಪವಾಸದಲ್ಲಿರುತ್ತಿದ್ದಳಂತೆ! ಸ್ಮಾರ್ತ ಏಕಾದಶಿ, ವೈಷ್ಣವ ಏಕಾದಶಿ ಬೇರೆ ಬೇರೆ ದಿನ ಬಂದಾಗಿನ ಪೇಚು ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 664ರಲ್ಲಿ ವಿಟ್ಬಿ ಎಂಬಲ್ಲಿ ಸಭೆ ಸೇರಿ ಅರಸನು ರೋಮಿನ ಲೆಕ್ಕವನ್ನು ಒಪ್ಪಿದನು. ಆ ಲೆಕ್ಕದ ಮರ್ಮವನ್ನೆಲ್ಲ ಬಿಡಿಸಿ, 532ರಿಂದ 1063ರವರೆಗಿನ ಈಸ್ಟರ್ ದಿನಗಳ ಪಟ್ಟಿ ಸಹಿತ ಬೀಡರು 725ರಲ್ಲಿ ಒಂದು ದೊಡ್ಡ ಗ್ರಂಥ ರಚಿಸಿದರು. ಈಸ್ಟರ್ ಎಂಬ ಇಂಗ್ಲಿಷ್ ಹೆಸರು ಈಯೋಸ್ತ್ರೆ ಎಂಬ ಹಳೆಯ ದೇವತೆಯ ತಿಂಗಳಿನಿಂದ ಬಂದಿತೆಂಬ ಸಂಗತಿಯನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಇದಕ್ಕೆ ಮುಂಚೆ ಬರೆದ ಒಂದು ಚಿಕ್ಕ ಪುಸ್ತಕದಲ್ಲಿ ಸೃಷ್ಟಿಯಿಂದ ಕ್ರಿಸ್ತನ ಜನನಕ್ಕೆ 3952 ವರ್ಷವೆಂದು, ರೂಢಿಯ ಲೆಕ್ಕಕ್ಕಿಂತ ಬಹಳ ಕಡಮೆ ತೋರಿಸಿದ್ದಕ್ಕೆ, ಬಿಷಪ್ಪರೊಬ್ಬರ ಔತಣದಲ್ಲಿ ಕುಡಿದ ಮತ್ತಿನಲ್ಲಿದ್ದವರು ಅವರನ್ನು ಧರ್ಮದ್ರೋಹಿಯೆಂದು ಹಾಡಿ ಆಡಿಕೊಂಡರು. ಸಾಧುಗಳಾದ ಬೀಡರಿಗೂ ಆಗ ಸಿಟ್ಟು ಬಂತು. 708ರಲ್ಲಿ ಅವರು ಬರೆದ ಉತ್ತರ ಈಗಲೂ ಇದೆ. ಓದಿದರೆ ಕಾವು ತಟ್ಟುತ್ತದೆ.

ಯೋಹಾನನ ಸುವಾರ್ತೆಗೂ ಸಾಯುವ ಗುರುಗಳಿಗೂ ಆ ನಾಡಿನಲ್ಲಿ ಏನೋ ಒಂದು ನಂಟಿತ್ತೆಂದು ತೋರುತ್ತದೆ. ಬೀಡರು ಬರೆದ ಸಂತ ಕತ್‌ಬರ್ಟರ ಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಕತ್‌ಬರ್ಟರು ಮೆಲ್ರೋಸ್ ಮಠದಲ್ಲಿ ತರುಣರಾಗಿದ್ದಾಗ ಅವರ ಗುರು ಬೋಯ್ಸಿಲರಿಗೆ ಪಿಡುಗು ತಗುಲಿತು. ತಮಗಿನ್ನು ಏಳೇ ದಿನ ಆಯುಸ್ಸು, ಅಷ್ಟರಲ್ಲಿ ಕಲಿಯುವುದನ್ನು ಕಲಿತುಕೋ ಎಂದರು. ಏಳು ದಿನದಲ್ಲಿ ಮುಗಿಯುವಂಥದು ಯಾವುದಿದೆ ಎಂದು ಶಿಷ್ಯ ಕೇಳಿದನು. ಯೋಹಾನನ ಸುವಾರ್ತೆಯ ಒಂದು ಪ್ರತಿ ತಮ್ಮಲ್ಲಿದೆ, ಅದರಲ್ಲಿ ಏಳು ಕಟ್ಟುಗಳಿವೆ, ದಿನಕ್ಕೊಂದರಂತೆ ಓದೋಣ ಎಂದರು ಗುರುಗಳು. ಆಳವಾದ ಪ್ರಶ್ನೆಗಳನ್ನು ಬದಿಗಿಟ್ಟು ಸರಳವಾಗಿ, ಪ್ರೀತಿಯಿಂದ ನಡೆಯುವ ಭಕ್ತಿಯನ್ನಷ್ಟೇ ಹುಡುಕುತ್ತ ಓದಿದ್ದರಿಂದ ಅದು ಏಳು ದಿನಕ್ಕೆ ಮುಗಿಯಿತು, ಬೋಯ್ಸಿಲರೂ ಹೋದರು. ಪರೀಕ್ಷಿದ್ರಾಜನು ಏಳು ದಿನ ಭಾಗವತ ಕೇಳಿದ ಕಥೆ ನಮಗೆ ಗೊತ್ತು. ಅಲ್ಲಿ ಸಾವು ಕೇಳುವವನಿಗೆ, ಇಲ್ಲಿ ಹೇಳುವವನಿಗೆ.

ಅದೇ ಸುವಾರ್ತೆ ಬೀಡರ ಕೊನೆಯ ಕೆಲಸವೂ ಆಯಿತು. ಇದನ್ನು ಬರೆದಿಟ್ಟವರು ಅವರ ಶಿಷ್ಯರಾದ ಕತ್‌ಬರ್ಟರು. ಹೆಸರು ಒಂದೇ ಆದರೂ ಇವರು ಸಂತ ಕತ್‌ಬರ್ಟರಲ್ಲ. ಇವರು ತಮ್ಮ ಸಹಪಾಠಿಯೊಬ್ಬನಿಗೆ ಬರೆದ ಪತ್ರವೇ ನಮಗೆ ಆಧಾರ.

735ರ ಈಸ್ಟರ್ ಏಪ್ರಿಲ್ 17ರಂದು ಬಂದಿತು. ಅದಕ್ಕೆ ಸುಮಾರು ಎರಡು ವಾರ ಮೊದಲೇ ಬೀಡರಿಗೆ ಉಸಿರಾಟದ ತೊಂದರೆ ಹೆಚ್ಚಾಯಿತು, ನೋವೇನೂ ಇರಲಿಲ್ಲ. ಹಬ್ಬ ಬಂತು, ಹೋಯಿತು. ಅವರು ಗೆಲುವಾಗಿಯೇ ದಿನವೂ ಪಾಠ ಹೇಳುತ್ತಿದ್ದರು, ಉಳಿದ ಹೊತ್ತಿನಲ್ಲಿ ಕೀರ್ತನೆ ಹಾಡುತ್ತಿದ್ದರು. ರಾತ್ರಿ ಎಚ್ಚರವಾದರೆ ಮತ್ತೆ ಅದೇ. ಮರಣದ ವಿಷಯವಾಗಿ ತಮ್ಮ ನಾಡನುಡಿಯಲ್ಲಿ ಒಂದು ಪುಟ್ಟ ಪದ್ಯವನ್ನೂ ಹೇಳುತ್ತಿದ್ದರು. ಸ್ವರ್ಗಾರೋಹಣ ಹಬ್ಬದ ಪಲ್ಲವಿಯನ್ನು ಹಾಡುವಾಗ, ಶಿಷ್ಯರನ್ನು ಅನಾಥರಾಗಿ ಬಿಡಬೇಡವೆಂದು ಬೇಡುವ ಮಾತು ಬಂದ ಕೂಡಲೆ ಬಿಕ್ಕಿ ಬಿಕ್ಕಿ ಅತ್ತರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಾಡಿದರು. ಜೊತೆಗಿದ್ದವರು ಓದುತ್ತ ಅಳುತ್ತ, ಅಳುತ್ತ ಓದುತ್ತ ಇದ್ದರೆಂದು ಪತ್ರ ಹೇಳುತ್ತದೆ.

ಆ ದಿನಗಳಲ್ಲಿ ಎರಡು ಕೆಲಸಗಳು ನಡೆದಿದ್ದವು. ಒಂದು, ಇಸಿದೋರರ ಪುಸ್ತಕದಿಂದ ಆಯ್ದ ಭಾಗಗಳನ್ನು ಸಿದ್ಧಪಡಿಸುವುದು. ತಾವು ಹೋದ ಮೇಲೆ ತಮ್ಮ ಹುಡುಗರು ತಪ್ಪನ್ನು ಓದಿ ವ್ಯರ್ಥವಾಗಿ ಬಳಲಬಾರದೆಂಬುದು ಅವರ ಚಿಂತೆ. ಇನ್ನೊಂದು, ಯೋಹಾನನ ಸುವಾರ್ತೆಯನ್ನು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತರುವುದು. ಲ್ಯಾಟಿನ್ ಬಾರದ ಪಾದ್ರಿಗಳಿಗೂ ಜನರಿಗೂ ಅವರ ಭಾಷೆಯಲ್ಲಿಯೇ ಪ್ರಾರ್ಥನೆಯನ್ನು ಕಲಿಸಬೇಕೆಂದು ಹಿಂದಿನ ವರ್ಷವಷ್ಟೇ ಅವರು ಯಾರ್ಕಿನ ಬಿಷಪ್ಪರಿಗೆ ಒತ್ತಿ ಬರೆದಿದ್ದರು. ತಾವೇ ಅನೇಕರಿಗೆ ಹಾಗೆ ಅನುವಾದಿಸಿ ಕೊಟ್ಟಿದ್ದರು. ಜನ್ಮವೆಲ್ಲ ಲ್ಯಾಟಿನ್ನಿನಲ್ಲಿ ಬರೆದ ಪಂಡಿತರು ಕಡೆಯ ಉಸಿರನ್ನು ದೇಶಭಾಷೆಗೆ ಮೀಸಲಿಟ್ಟದ್ದು ದೊಡ್ಡ ಮಾತಲ್ಲವೆ?

ಸ್ವರ್ಗಾರೋಹಣಕ್ಕೆ ಎರಡು ದಿನ ಮುಂಚೆ, ಮಂಗಳವಾರ, ಉಸಿರು ಮತ್ತೂ ಕಟ್ಟಿತು. ಕಾಲಿನಲ್ಲಿ ಸ್ವಲ್ಪ ಬಾವು ಕಾಣಿಸಿತು. ಆದರೂ ಆ ದಿನವೆಲ್ಲ ಹೇಳಿ ಬರೆಸಿದರು. ಬೇಗ ಕಲಿತುಕೊಳ್ಳಿರಿ, ತಾವು ಎಷ್ಟು ಹೊತ್ತು ಇರುವೆವೋ ತಿಳಿಯದು ಎನ್ನುತ್ತಿದ್ದರು. ಬುಧವಾರ, ಮೇ 25, ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ಬರವಣಿಗೆ ನಡೆಯಿತು. ಆಮೇಲೆ ಸಂತರ ಅವಶೇಷಗಳ ಮೆರವಣಿಗೆಗೆ ಎಲ್ಲರೂ ಹೋಗಬೇಕಾಯಿತು. ಒಬ್ಬನು ಮಾತ್ರ ಉಳಿದನು. ಇನ್ನೂ ಒಂದು ಅಧ್ಯಾಯ ಮಿಕ್ಕಿದೆ, ಕೇಳಿದರೆ ನಿಮಗೆ ಆಯಾಸವಾಗುತ್ತದೆಯೋ ಏನೋ ಎಂದು ಅವನು ಅಳುಕಿದನು. ಆಯಾಸವೇನೂ ಇಲ್ಲ, ಲೇಖನಿ ಹದಮಾಡಿಕೊಂಡು ಬೇಗ ಬೇಗ ಬರೆ ಎಂದರು ಗುರುಗಳು.

ಮಧ್ಯಾಹ್ನ ಮೂರರ ಹೊತ್ತಿಗೆ, ತಮ್ಮ ಪೆಟ್ಟಿಗೆಯಲ್ಲಿ ಸ್ವಲ್ಪ ಮೆಣಸು, ಕೆಲವು ವಸ್ತ್ರ, ಸ್ವಲ್ಪ ಧೂಪ ಇವೆ, ಮಠದ ಗುರುಗಳನ್ನು ಕರೆದುಕೊಂಡು ಬಾ ಎಂದರು. ಅವರು ಬಂದಾಗ ಒಬ್ಬೊಬ್ಬರಿಗೂ ಒಂದೊಂದನ್ನು ಕೊಟ್ಟು, ತಮಗಾಗಿ ಪ್ರಾರ್ಥಿಸಿರೆಂದು ಕೇಳಿಕೊಂಡರು. ಅರವತ್ತೆರಡು ವರ್ಷದ ಬಾಳಿನ ಆಸ್ತಿ ಅಷ್ಟೆ. ಆ ಮೆಣಸು ಅಲ್ಲಿಗೆ ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ ಕೈ ಕೈ ದಾಟಿ ಹೋದದ್ದೆಂಬುದನ್ನು ನೆನೆದರೆ, ಜಾರೋ ಅಷ್ಟು ದೂರವೆನಿಸುವುದಿಲ್ಲ.

ಸಂಜೆಯಾಯಿತು. ಬರೆಯುತ್ತಿದ್ದ ಹುಡುಗನ ಹೆಸರು ವಿಲ್ಬರ್ಟ್. ಅವನು, ಇನ್ನೂ ಒಂದು ವಾಕ್ಯ ಬರೆಯದೆ ಉಳಿದಿದೆ ಎಂದನು. ಬರೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಈಗ ಮುಗಿಯಿತು ಎಂದನು. ಹೌದು, ಮುಗಿಯಿತು, ಸರಿಯಾಗಿ ಹೇಳಿದೆ ಎಂದು, ತಮ್ಮ ತಲೆಯನ್ನು ಕೈಯಲ್ಲಿ ಹಿಡಿದುಕೊಳ್ಳಲು ಅವನಿಗೆ ಹೇಳಿದರು. ತಾವು ನಿತ್ಯವೂ ಪ್ರಾರ್ಥನೆ ಮಾಡುತ್ತಿದ್ದ ಜಾಗದ ಕಡೆಗೆ ಮುಖಮಾಡಿ ಕೂರಬೇಕೆಂದರು. ಹಾಗೆ ಕೋಣೆಯ ನೆಲದ ಮೇಲೆ ಕುಳಿತು, ತ್ರಯೇಕ ದೇವರ ಸ್ತುತಿಯನ್ನು ಹಾಡುತ್ತ ಪ್ರಾಣಬಿಟ್ಟರು. ಸಂಜೆಯ ಪ್ರಾರ್ಥನೆಯೊಂದಿಗೆ ಮರುದಿನದ ಹಬ್ಬ ಆಗಲೇ ಮೊದಲಾಗಿತ್ತು. ಇರುಳು ಮುಂದೆ, ಹಗಲು ಹಿಂದೆ ಎಂದು ಅವರೇ ಹೇಳಿದ್ದರಲ್ಲ.

ಆ ಇಂಗ್ಲಿಷ್ ಸುವಾರ್ತೆಯ ಒಂದು ಹಾಳೆಯೂ ಉಳಿಯಲಿಲ್ಲ. ಪತ್ರದ ಕೆಲವು ಪ್ರತಿಗಳ ಪ್ರಕಾರ ಅನುವಾದ ಆರನೆಯ ಅಧ್ಯಾಯದಲ್ಲಿ, ಒಬ್ಬ ಹುಡುಗನ ಬಳಿ ಐದು ರೊಟ್ಟಿ, ಎರಡು ಮೀನು ಇವೆ, ಇಷ್ಟು ಮಂದಿಗೆ ಅವು ಹೇಗೆ ಸಾಕು ಎಂದು ಶಿಷ್ಯನೊಬ್ಬನು ಕೇಳುವಲ್ಲಿಯವರೆಗೆ ಬಂದಿತ್ತು. 794ರಲ್ಲಿ ಕಡಲುಗಳ್ಳರು ಬಂದು ಮಠವನ್ನು ದೋಚಿದರು. ಬೀಡರ ಅಸ್ಥಿಗಳು ಹನ್ನೊಂದನೆಯ ಶತಮಾನದಲ್ಲಿ ಡರ್ಹಾಮಿಗೆ ಹೋದವು. ಆದರೆ ಅದೇ ಜೋಡಿ ಮಠದಲ್ಲಿ ಲ್ಯಾಟಿನ್ನಿನಲ್ಲಿ ಬರೆದ, ಅಂಗೈಯಗಲದ ಒಂದು ಯೋಹಾನನ ಸುವಾರ್ತೆ ಉಳಿದಿದೆ. ಸಂತ ಕತ್‌ಬರ್ಟರ ಶವಪೆಟ್ಟಿಗೆಯಲ್ಲಿಟ್ಟಿದ್ದ ಅದು 1104ರಲ್ಲಿ ಸಿಕ್ಕಿತು. ಅಂದಿನ ಕೆಂಪು ತೊಗಲಿನ ಹೊದಿಕೆ ಇನ್ನೂ ಹಾಗೆಯೇ ಇದೆ. 2012ರಲ್ಲಿ ಬ್ರಿಟಿಷ್ ಲೈಬ್ರರಿಯವರು ಅದನ್ನು 90 ಲಕ್ಷ ಪೌಂಡು ಕೊಟ್ಟು ಕೊಂಡರು. ಚೆಯೋಲ್‌ಫ್ರಿತರು ಬರೆಯಿಸಿದ ಮೂರು ಮಹಾ ಬೈಬಲ್ ಪ್ರತಿಗಳಲ್ಲಿ ಒಂದು ಇಟಲಿಯ ಫ್ಲಾರೆನ್ಸಿನಲ್ಲಿದೆ. 716ರಲ್ಲಿ ಆ ವೃದ್ಧರು ಅದನ್ನು ಪೋಪರಿಗೆ ಅರ್ಪಿಸಲು ಹೊರಟು, ದಾರಿಯಲ್ಲಿ ಫ್ರಾನ್ಸಿನ ಲಾಂಗ್ರ್ ಎಂಬಲ್ಲಿ ತೀರಿಕೊಂಡರು. ಸಾವಿರಕ್ಕೂ ಮಿಕ್ಕಿದ ತೊಗಲಿನ ಹಾಳೆಗಳ ಆ ಗ್ರಂಥದ ತೂಕ ಸುಮಾರು 34 ಕಿಲೋ. 2018ರಲ್ಲಿ ಒಂದು ಪ್ರದರ್ಶನಕ್ಕಾಗಿ ಅದು 1302 ವರ್ಷಗಳ ಮೇಲೆ ಮೊದಲ ಸಲ ಇಂಗ್ಲೆಂಡಿಗೆ ಬಂದು ಹೋಯಿತು.

ಪತ್ರ ಬರೆದ ಶಿಷ್ಯ ಕತ್‌ಬರ್ಟರು ಮುಂದೆ ತಾವೇ ಮಠಾಧಿಪತಿಗಳಾದರು. ಜರ್ಮನಿಯ ಮೈಂಟ್ಸಿನ ಬಿಷಪ್ಪರು ಬೀಡರ ಗ್ರಂಥಗಳ ಪ್ರತಿ ಬೇಕೆಂದು ಬರೆದಾಗ, 764ರಲ್ಲಿ ಅವರು ಕೊಟ್ಟ ಉತ್ತರವೂ ಉಳಿದಿದೆ. ಕೇಳಿದಷ್ಟನ್ನು ಕಳಿಸಲಾಗಲಿಲ್ಲ, ಕ್ಷಮಿಸಬೇಕು. ಹೋದ ಚಳಿಗಾಲದ ಗಾಳಿ, ಹಿಮ, ಮಳೆಗಳು ವಿಪರೀತವಾಗಿ, ಬರೆಯುವ ಹುಡುಗರ ಕೈ ಓಡದೆ ಹೋಯಿತು ಎಂದು ಅದರಲ್ಲಿದೆ. ಜೊತೆಗೆ, ನಿಮ್ಮ ಕಡೆ ಗಾಜಿನ ಪಾತ್ರೆ ಮಾಡುವವನು ಯಾರಾದರೂ ಇದ್ದರೆ ಕಳಿಸಿಕೊಡಿರಿ, ತಂತಿವಾದ್ಯ ನುಡಿಸುವವನನ್ನೂ ಕಳಿಸಿರಿ, ನಮ್ಮಲ್ಲಿ ವಾದ್ಯವಿದೆ, ನುಡಿಸುವವನಿಲ್ಲ ಎಂದೂ ಕೇಳಿದ್ದಾರೆ.